ತೂಬಿನ ಕೀಲಿ ಯಾರ ಕೈಯಲ್ಲಿ?

(ಕೆರೆ ಸಮಿತಿಗಳವರು, ಎಂಜಿನಿಯರುಗಳು ಮತ್ತು ನಗರದ ಅಂಚಿನ ಪಂಚಾಯ್ತಿ ಸದಸ್ಯರ ಮುಂದೆ ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಬಹುಪಾಲು ಮಂದಿ ಒಂದಲ್ಲ ಒಂದು ಕೆರೆಯ ಹಿಂದೆ ಬಿದ್ದವರು. ಹಾಗಾಗಿ ಒಂದೇ ಪ್ರಶ್ನೆ ಕೇಳಿ ಶುರು ಮಾಡುತ್ತೇವೆ. ನಿಮ್ಮ ಕೆರೆಯ ತೂಬಿನ, ಅಂದರೆ ಏರಿಯ ಬುಡದಲ್ಲಿ ನೀರು ಹೊರಗೆ ಬಿಡುವ ಬಾಯಿಯ, ಕೀಲಿ ಯಾರ ಕೈಯಲ್ಲಿದೆ? ಆ ಮನುಷ್ಯ ಯಾರನ್ನು ಕೇಳಿ ತೂಬು ಎತ್ತುತ್ತಾನೆ? ಎತ್ತಿದರೆ ನೀರು ಯಾರ ಮನೆಯ ಹಿಂದಿನಿಂದ ಹೋಗುತ್ತದೆ?

ಕೆಲವರ ಉತ್ತರ "ತೂಬು ಎಲ್ಲಿದೆ ಅಂತಲೇ ಗೊತ್ತಿಲ್ಲ" ಅಂತ ಇರುತ್ತದೆ. ನಗರದ ಎಷ್ಟೋ ಕೆರೆಗಳಲ್ಲಿ ಹಳೆಯ ತೂಬಿಗೆ ಕಾಂಕ್ರೀಟ್ ತುಂಬಿ, ಮೇಲೆ ನಡಿಗೆ ಹಾದಿ ಮಾಡಿಬಿಟ್ಟಿದ್ದಾರೆ. ಅದಕ್ಕೆ ಕಾರಣ ಇಲ್ಲದಿಲ್ಲ. ಕೆರೆಯ ಕೆಳಗೆ ಗದ್ದೆಯೇ ಉಳಿದಿಲ್ಲ ಎಂದ ಮೇಲೆ ತೂಬು ಯಾಕೆ ಅಂದುಕೊಂಡರು. ಅಚ್ಚುಕಟ್ಟು ಹೋಯಿತು, ತೂಬು ಎತ್ತಿ ನೀರು ಹಂಚುತ್ತಿದ್ದ ನೀರಗಂಟಿ ಹೋದ, ತೂಬೂ ಹೋಯಿತು. ಈಗ ನೀರು ಹೊರಗೆ ಹೋಗಬೇಕಾದರೆ ಕೋಡಿ ಬೀಳುವುದೊಂದೇ ದಾರಿ. ಅಂದರೆ ಆ ಕೆರೆ ತುಂಬಿದ ಕೊಡ. ಮೇಲಿಂದ ಎಷ್ಟು ಸುರಿಯುತ್ತದೋ ಅಷ್ಟೂ ಕೆಳಕ್ಕೆ.

ಇವತ್ತಿನ ವಿಷಯ ಎಲ್ಲರೂ ಸೇರಿ ಒಂದು ಭೂಪ್ರದೇಶವನ್ನು ಕಾಪಾಡುವುದು, ಅದರಿಂದ ಜನರಿಗೆ ಏನು ಸಿಗುತ್ತದೆ ಎನ್ನುವುದು. ಆಹ್ವಾನದಲ್ಲಿ ಭೂದೃಶ್ಯ ಎಂಬ ಪದ ಹಾಕಿದ್ದಾರೆ. ಆ ಪದ ಕೇಳಿದರೆ ಗೋಡೆಗೆ ತೂಗುಹಾಕುವ ಚಿತ್ರ ನೆನಪಾಗುತ್ತದೆ. ನಮಗೆ ಸೀಮೆ ಎನ್ನುವ ಮಾತು ಹೆಚ್ಚು ಹಿಡಿಸುತ್ತದೆ. ಹಳೆಯ ದಾನಶಾಸನಗಳು ಊರನ್ನು ಬಿಟ್ಟುಕೊಡುವಾಗ ಚತುಸ್ಸೀಮೆ ಹೇಳಿ, ಅದರೊಳಗಿನ ಗದ್ದೆ, ಬೆದ್ದಲು, ತೋಟ, ತುಡಿಕೆ ಎಲ್ಲವನ್ನೂ ಒಟ್ಟಿಗೆ ಎಣಿಸುತ್ತವೆ. ಕೆರೆ ಒಂದು ಇಲಾಖೆಗೆ, ಕಾಲುವೆ ಇನ್ನೊಂದಕ್ಕೆ, ಗೋಮಾಳ ಮತ್ತೊಂದಕ್ಕೆ ಎಂದು ಹಂಚಿದ್ದು ಆಮೇಲಿನ ಬುದ್ಧಿ.

ಬೆಂಗಳೂರಿನ ಸೀಮೆ ಎಲ್ಲಿಂದ ಎಲ್ಲಿಗೆ? ಊರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ದೊಡ್ಡ ನದಿ ಇಲ್ಲ. ಬಿದ್ದ ಮಳೆ ಮೂರು ಮುಖ್ಯ ಕಣಿವೆಗಳಲ್ಲಿ ಇಳಿಯುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ವೃಷಭಾವತಿ ಕಣಿವೆಯದು ಬೈರಮಂಗಲದ ಮೇಲೆ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ. ಒಂದೇ ಬೀದಿಯ ಎರಡು ಬದಿಯ ಚಾವಣಿ ನೀರು ಎರಡು ಬೇರೆ ನದಿಗೆ ಹೋಗುವ ಜಾಗಗಳು ಈ ಊರಿನಲ್ಲಿವೆ. ವಾರ್ಡಿನ ಗಡಿ ಬರೆದವರು ಈ ದಿಣ್ಣೆ ನೋಡಿ ಬರೆದಿಲ್ಲ. 2025ರಲ್ಲಿ ನಗರ ಐದು ಪಾಲಿಕೆಗಳಾದಾಗಲೂ ಗಡಿ ಹಾಕಿದ್ದು ರಸ್ತೆ, ಬಡಾವಣೆ, ಮತಕ್ಷೇತ್ರದ ಲೆಕ್ಕದಲ್ಲಿ. ಒಂದು ಕಣಿವೆಯ ಮೇಲಿನ ಕೆರೆ ಒಂದು ಪಾಲಿಕೆಗೆ, ಕೆಳಗಿನದು ಇನ್ನೊಂದಕ್ಕೆ ಬೀಳುವುದು ಇದರಿಂದಲೇ.

ನಿಸರ್ಗದ ಕೊಡುಗೆಗಳ ಬಗ್ಗೆ ಹೆಚ್ಚು ಸಿದ್ಧಾಂತ ಹೇಳುವುದಿಲ್ಲ. 2005ರ ಸಹಸ್ರಮಾನದ ಪರಿಸರ ಮೌಲ್ಯಮಾಪನ ಅವನ್ನು ನಾಲ್ಕು ಗುಂಪು ಮಾಡಿತು: ಕೈಗೆ ಸಿಗುವ ವಸ್ತು, ನೆರೆ, ಹವೆಯಂಥವನ್ನು ಹದದಲ್ಲಿಡುವ ನಿಯಂತ್ರಣದ ಕೆಲಸ, ಸಾಂಸ್ಕೃತಿಕ ಲಾಭ, ಇವೆಲ್ಲಕ್ಕೂ ಬುಡವಾದ ಮಣ್ಣು–ಪೋಷಕಾಂಶಗಳ ಚಕ್ರ. ಆಮೇಲೆ ಬಂದ, ಜೀವವೈವಿಧ್ಯ ಕುರಿತ ಅಂತರ್‌ಸರ್ಕಾರಿ ವೇದಿಕೆ ಐಪಿಬಿಇಎಸ್ 18 ಬಗೆ ಎಣಿಸಿತು. ಪಟ್ಟಿ ಯಾರು ಬೇಕಾದರೂ ಬರೆಯಬಹುದು. ಕೆಲಸಕ್ಕೆ ಬರುವುದು ಪಟ್ಟಿಯ ಪಕ್ಕದ ಮೂರು ಅಂಕಣಗಳು: ಯಾರಿಗೆ ಸಿಗುತ್ತದೆ, ಯಾರ ಜಾಗದಿಂದ ಬರುತ್ತದೆ, ವರ್ಷದ ಯಾವ ತಿಂಗಳಲ್ಲಿ.

ಒಂದು ಕೆರೆ ತೆಗೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಅಂಚಿನಲ್ಲಿ ಹುಲ್ಲು ಕೊಯ್ಯುವವರು ಬರುತ್ತಾರೆ, ಹಸು ಸಾಕಿದವರು. ಅವರಿಗೆ ಬೇಕಾದ್ದು ಮೊಣಕಾಲುದ್ದ ನೀರಿನ ಕೆಸರು ಅಂಚು. ಮೀನಿನ ಟೆಂಡರ್ ಹಿಡಿದವರಿಗೆ ಆಳ ಬೇಕು. ಚಳಿಗಾಲದ ಹಕ್ಕಿಗಳಲ್ಲಿ ಕೆಸರು ಕೆದಕುವ ಗದ್ದೆಗೊರವಗಳಿಗೆ ಗೇಣುದ್ದಕ್ಕಿಂತ ಹೆಚ್ಚು ನೀರಿದ್ದರೆ ಪ್ರಯೋಜನವಿಲ್ಲ. ಹೊನಗೊನ್ನೆ, ಒಂದೆಲಗ ಕೀಳುವವರಿಗೆ ತೇವದ ದಂಡೆ ಬೇಕು. ಸುತ್ತಲಿನ ಬೋರ್‌ವೆಲ್ ಮಾಲೀಕರಿಗೂ ವಾಕಿಂಗ್ ಬರುವವರಿಗೂ ಕೆರೆ ಬಾರಾ ತಿಂಗಳು ತುಂಬಿ ತುಳುಕಬೇಕು. ಕೋಡಿಯ ಕೆಳಗೆ ಮನೆ ಕಟ್ಟಿಕೊಂಡವರಿಗೆ ಆಗಸ್ಟ್ ಮುಗಿಯುವ ಹೊತ್ತಿಗೆ ಕೆರೆ ಒಂದು ಮೀಟರ್ ಖಾಲಿ ಇರಬೇಕು. ಕೆರೆ ಒಂದೇ. ಬೇಡಿಕೆಗಳು ಒಂದನ್ನೊಂದು ಕಚ್ಚುತ್ತವೆ. ಸಮಿತಿಯಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಯಾರ ಬೇಡಿಕೆ ಗೆಲ್ಲುತ್ತದೆ ಎಂಬುದು ನಿಂತಿದೆ. ನಮ್ಮ ನಗರದಲ್ಲಿ ಸಾಮಾನ್ಯವಾಗಿ ಗೆದ್ದಿರುವುದು ವಾಕಿಂಗ್. ಹುಲ್ಲಿನವರು ಸಭೆಗೆ ಬರುವುದಿಲ್ಲ, ಸಭೆ ಇರುವುದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಅವರು ಹಾಲು ಹಾಕಿ, ಮೇವು ಹೊತ್ತು ಮನೆ ಸೇರಿರುತ್ತಾರೆ.

ಕೆರೆಯನ್ನು ಬಟ್ಟಲಿನಂತೆ ಕೊರೆದು ಸುತ್ತ ಏರಿ ಎಬ್ಬಿಸುವುದು ಈ ಗೆಲುವಿನ ಫಲ. ಹೂಳು ತೆಗೆಯುವ ನೆಪದಲ್ಲಿ ಅಂಚಿನ ಇಳಿಜಾರನ್ನೂ ಜೆಸಿಬಿ ನೆಟ್ಟಗೆ ಕಡಿಯುತ್ತದೆ. ಆ ಮಣ್ಣನ್ನೇ ಸುತ್ತ ಹಾಕಿ ಹಾದಿ. ಒಂದೇ ಏಟಿಗೆ ಮೂರು ನಷ್ಟ: ಹುಲ್ಲು–ಸೊಪ್ಪಿನ ದಂಡೆ ಹೋಯಿತು, ಹಕ್ಕಿಯ ಕೆಸರು ಹೋಯಿತು, ಅಕ್ಕಪಕ್ಕದ ಇಳಿಜಾರಿನಿಂದ ತಾನಾಗಿ ಬರುತ್ತಿದ್ದ ನೀರಿಗೆ ಹೊಸ ಏರಿ ಅಡ್ಡ ನಿಂತಿತು. ನೀರು ಹಾದಿಯ ಆಚೆಯ ಬಡಾವಣೆಯಲ್ಲಿ ನಿಲ್ಲುತ್ತದೆ. ಏರಿ ಇರಬೇಕಾದ್ದು ಕೆರೆಯ ತಗ್ಗಿನ ಬದಿಯಲ್ಲಿ ಮಾತ್ರ. ಉಳಿದ ಬದಿಗಳಲ್ಲಿ ಐದಡಿ ನಡೆದರೆ ಒಂದಡಿ ಇಳಿಯುವಷ್ಟಾದರೂ ಓರೆ ಬಿಡಬೇಕು. ಜಾಗವಿದ್ದರೆ ಹತ್ತಕ್ಕೆ ಒಂದು.

ಈಗ ತೂಬಿಗೆ ವಾಪಸ್ ಬರೋಣ, ಲೆಕ್ಕ ಹಾಕೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಒಂದು ಎಕರೆಯ ಮೇಲೆ 25 ಮಿ.ಮೀ. ಬಿದ್ದರೆ ಸರಿಸುಮಾರು ಒಂದು ಲಕ್ಷ ಲೀಟರ್. 50 ಎಕರೆ ನೀರು ಹರಡುವ, 5 ಚದರ ಕಿಲೋಮೀಟರ್ ಜಲಾನಯನವಿರುವ ಕೆರೆ ಎಂದಿಟ್ಟುಕೊಳ್ಳಿ. ಒಂದು ರಾತ್ರಿ 100 ಮಿ.ಮೀ. ಸುರಿಯಿತು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಹದೇವಪುರದ ಕಡೆ ಮನೆಗಳೊಳಗೆ ದೋಣಿ ಬಂದಾಗ ನಗರದಲ್ಲಿ ದಾಖಲಾದದ್ದು ಒಂದು ದಿನಕ್ಕೆ 130 ಮಿ.ಮೀ.ಗೂ ಮೇಲೆ, ಹಾಗಾಗಿ ಇದು ಅತಿಶಯದ ಅಂಕಿ ಅಲ್ಲ. ಜಲಾನಯನ ಹೊಲ, ತೋಪು ಆಗಿದ್ದಾಗ ಬಿದ್ದ ಮಳೆಯಲ್ಲಿ ಐದನೇ ಒಂದು ಪಾಲು ಹರಿದು ಬರುತ್ತಿತ್ತು ಎಂದುಕೊಂಡರೆ 10 ಕೋಟಿ ಲೀಟರ್. ಈಗ ಸಿಮೆಂಟು, ಡಾಂಬರು. ನೂರಕ್ಕೆ 60 ಹರಿದು ಬಂದರೆ 30 ಕೋಟಿ ಲೀಟರ್. ಕೆರೆಯನ್ನು ಮೊದಲೇ ಒಂದು ಮೀಟರ್ ಇಳಿಸಿದ್ದರೆ ಅದರಲ್ಲಿ ಹಿಡಿಯುವುದು 20 ಕೋಟಿ ಲೀಟರ್. ಮೂರರಲ್ಲಿ ಎರಡು ಪಾಲು ಅಲ್ಲೇ ನಿಲ್ಲುತ್ತದೆ. ತುಂಬಿ ಕೂತಿದ್ದರೆ ಕೆರೆ ನೀರಿನ ವೇಗವನ್ನು ಸ್ವಲ್ಪ ತಗ್ಗಿಸಬಹುದು, ಪ್ರಮಾಣವನ್ನಲ್ಲ.

ಹಾಗಾದರೆ ಮಳೆ ಮುನ್ಸೂಚನೆ ಬಂದ ತಕ್ಷಣ ತೂಬು ಎತ್ತಿದರಾಯಿತಲ್ಲ ಎನ್ನುತ್ತೀರಿ. ಇಲ್ಲೇ ಎಡವುವುದು. 60 ಸೆಂ.ಮೀ. ಅಡ್ಡಳತೆಯ ತೂಬು, ಮೇಲೆ ಎರಡು ಮೀಟರ್ ನೀರು ಇದ್ದರೆ ಸೆಕೆಂಡಿಗೆ ಸುಮಾರು ಸಾವಿರ ಲೀಟರ್ ಬಿಡುತ್ತದೆ. ಮಟ್ಟ ಇಳಿದಂತೆ ಕಡಿಮೆ. 20 ಕೋಟಿ ಲೀಟರ್ ಹೋಗಲು ಪೂರ್ತಿ ತೆರೆದರೂ ಎರಡೂವರೆ ದಿನ ಮೀರುತ್ತದೆ. ಪೂರ್ತಿ ತೆರೆಯುವಂತೆಯೂ ಇಲ್ಲ. ಏರಿಯ ಒಳಮೈ ನೀರು ಕುಡಿದು ನೆನೆದಿರುತ್ತದೆ. ಎದುರಿನ ನೀರಿನ ಒತ್ತು ದಿಢೀರನೆ ತಪ್ಪಿದರೆ ಆ ಮಣ್ಣು ಕೆರೆಯೊಳಕ್ಕೇ ಜಾರುತ್ತದೆ. ಮಣ್ಣಿನ ಏರಿಯಲ್ಲಿ ದಿನಕ್ಕೆ 15ರಿಂದ 20 ಸೆಂ.ಮೀ. ಇಳಿಸುವುದು ಕ್ಷೇಮ. ಅಂದರೆ ಒಂದು ಮೀಟರಿಗೆ ಐದರಿಂದ ಏಳು ದಿನ ಬೇಕು. ಗುಡುಗು ಮಳೆಯ ನಂಬುವಂಥ ಮುನ್ಸೂಚನೆ ಸಿಗುವುದು ಒಂದೆರಡು ದಿನ ಮುಂಚೆ. ಆದ್ದರಿಂದ ಮುನ್ಸೂಚನೆಗೆ ಕಾಯದೆ ಪಂಚಾಂಗ ನೋಡಿಯೇ ಇಳಿಸಬೇಕು. ಬೆಂಗಳೂರಿನಲ್ಲಿ ಜೋರು ಮಳೆ ಮೇ ತಿಂಗಳಲ್ಲಿ ಒಂದು ಸಲ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇನ್ನೊಂದು ಸಲ. ಮೇ ಹೊತ್ತಿಗೆ ಕೆರೆ ತಾನಾಗಿ ಬತ್ತಿರುತ್ತದೆ. ಆಗಸ್ಟ್ ಮಧ್ಯದಿಂದ ಕೋಡಿಗಿಂತ ಒಂದು ಮೀಟರ್ ಕೆಳಗೆ ಇಟ್ಟುಕೊಂಡು, ಅಕ್ಟೋಬರ್ ಎರಡನೇ ವಾರದ ನಂತರ ತೂಬು ಮುಚ್ಚಿ ಹಿಂಗಾರಿನಲ್ಲಿ ತುಂಬಿಸಿಕೊಳ್ಳುವುದು ಒಂದು ರೂಢಿ. ಇದರಲ್ಲಿ ಅಪಾಯ ಇದೆ. ಹಿಂಗಾರು ಕೈಕೊಟ್ಟರೆ ಆ ವರ್ಷದ ಬೇಸಿಗೆಗೆ ಕೆರೆ ಅರ್ಧ. ಮೀನಿನವರು, ಬೋರ್‌ವೆಲ್‌ನವರು ಬೈಯುತ್ತಾರೆ, ಬೈಯಲು ಕಾರಣವೂ ಇರುತ್ತದೆ. ಹಾಗಾಗಿಯೇ ಈ ದಿನಾಂಕಗಳು ಎಂಜಿನಿಯರ್ ಒಬ್ಬರ ತೀರ್ಮಾನವಾಗಬಾರದು. ಜೂನ್‌ನಲ್ಲೇ ಎಲ್ಲರನ್ನೂ ಕೂರಿಸಿ, ನಷ್ಟವಾದರೆ ಮೀನಿನ ಟೆಂಡರ್ ಹಣದಲ್ಲಿ ಎಷ್ಟು ಬಿಡುವುದು ಎಂಬುದನ್ನೂ ಬರೆದುಕೊಳ್ಳಬೇಕು.

ಇನ್ನು ಕೆರೆಗಳ ಸರಪಳಿಯ ಮಾತು. ಕಸವನಹಳ್ಳಿ ಕೆರೆಯ ನೀರು ಕೈಕೊಂಡ್ರಹಳ್ಳಿಗೆ, ಅಲ್ಲಿಂದ ಸೌಳು ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ಮುಂದೆ ವರ್ತೂರಿಗೆ. ಇಂಥ ಸರಪಳಿಯಲ್ಲಿ ಮೊದಲು ತೂಬು ಎತ್ತಬೇಕಾದ್ದು ಎಲ್ಲಕ್ಕಿಂತ ಕೆಳಗಿನ ಕೆರೆ. ಅದು ಇಳಿದ ಮೇಲೆ ಅದರ ಮೇಲಿನದು. ಮೇಲಿನವರು ಆತುರಪಟ್ಟು ಮೊದಲು ಬಿಟ್ಟರೆ ಕೆಳಗಿನ ಕೆರೆ ಬಿಸಿಲಿನ ದಿನವೇ ಕೋಡಿ ಬೀಳುತ್ತದೆ. ಮುಚ್ಚುವಾಗ ಕ್ರಮ ತಿರುಗುಮುರುಗು. ಇಷ್ಟು ಸರಳ ವಿಷಯ ನಡೆಯದಿರುವುದಕ್ಕೆ ಕಾರಣ ತಾಂತ್ರಿಕವಾದದ್ದಲ್ಲ. ಮೇಲಿನ ಕೆರೆಯ ಸಮಿತಿಯವರ ಫೋನಿನಲ್ಲಿ ಕೆಳಗಿನ ಕೆರೆಯವರ ನಂಬರ್ ಇಲ್ಲ, ಅಷ್ಟೇ.

ಸಹಭಾಗಿತ್ವ ಶುರುವಾಗಬೇಕಾದ್ದು ಅಲ್ಲಿಂದ ಎಂದು ನಮ್ಮ ಅಭಿಪ್ರಾಯ. ಮೊದಲು ಒಂದು ಅಳತೆಪಟ್ಟಿ. ತೂಬಿನ ಹೊಸ್ತಿಲಿಗೆ ಸೊನ್ನೆ ಹಿಡಿದು, ಕೋಡಿಯ ಮಟ್ಟವನ್ನು ಕೆಂಪು ಗೆರೆಯಲ್ಲಿ ತೋರಿಸಿ, ಐದು ಸೆಂಟಿಮೀಟರಿಗೊಂದು ಗುರುತು ಹಾಕಿದ ಕಲ್ಲುಕಂಬ ಅಥವಾ ಇನಾಮೆಲ್ ಪಟ್ಟಿ. ದಿನಾ ಬೆಳಿಗ್ಗೆ ಎಂಟಕ್ಕೆ ಒಬ್ಬರು ನೋಡಿ ಬರೆಯಬೇಕು, ಸರಪಳಿಯ ಎಲ್ಲ ಕೆರೆಗಳವರಿರುವ ಒಂದೇ ವಾಟ್ಸಾಪ್ ಗುಂಪಿಗೆ ಹಾಕಬೇಕು. ಸುತ್ತಮುತ್ತ ಎಷ್ಟು ಮಳೆಯಾಯಿತು ಎಂಬುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮೇಘಸಂದೇಶ ಆ್ಯಪ್‌ನಲ್ಲಿ ಸಿಗುತ್ತದೆ. ಎರಡು ಮಳೆಗಾಲದ ಈ ಎರಡು ಅಂಕಿ ಜೋಡಿಸಿ ನೋಡಿದರೆ, ಎಷ್ಟು ಮಳೆಗೆ ನಿಮ್ಮ ಕೆರೆ ಎಷ್ಟು ಏರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಮಳೆ ಬಿದ್ದೂ ಏರದಿದ್ದರೆ ಕೆರೆಗೆ ನೀರು ತರುವ ರಾಜಕಾಲುವೆಗೆ ಎಲ್ಲೋ ಯಾರೋ ಅಡ್ಡ ಹಾಕಿದ್ದಾರೆ. ಮಳೆ ಇಲ್ಲದೆ ಏರಿದರೆ ಚರಂಡಿ ನೀರು ಬರುತ್ತಿದೆ. ನಮ್ಮ ಅನುಭವದಲ್ಲಿ ಈ ಕಂಬದಷ್ಟು ಅಗ್ಗದ ಪತ್ತೇದಾರ ಇನ್ನೊಬ್ಬನಿಲ್ಲ.

ಹಳೆಯ ನೀರಗಂಟಿ ಇದನ್ನೆಲ್ಲ ಕಾಗದವಿಲ್ಲದೆ ಮಾಡುತ್ತಿದ್ದ. ಅವನಿಗೆ ಸುಗ್ಗಿಯಲ್ಲಿ ದವಸದ ಪಾಲು, ಅಂದರೆ ಆಯ, ಸಲ್ಲುತ್ತಿತ್ತು, ಅಚ್ಚುಕಟ್ಟಿನ ಪ್ರತಿ ಕಣದಿಂದ ಇಷ್ಟು ಎಂದು. ಏರಿಯ ಹಿಂಬದಿಯಲ್ಲಿ ಜಿನುಗುವ ನೀರಿನ ಬಣ್ಣ ನೋಡುವುದು ಅವನ ಕೆಲಸದಲ್ಲಿ ಸೇರಿತ್ತು. ಇದನ್ನು ಈಗಿನವರೂ ಕಲಿತಿರಬೇಕು. ತಿಳಿ ನೀರು ಜಿನುಗಿದರೆ ಗಾಬರಿ ಬೇಡ, ಗುರುತು ಮಾಡಿ ದಿನಾ ನೋಡಿ. ಕೆಂಪಗೆ, ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ; ಆ ರಾತ್ರಿಯೇ ಜನ ಸೇರಬೇಕು. ಆಗ ಹೆಚ್ಚಿನವರು ಮಾಡುವ ತಪ್ಪು, ಹಿಂದಿನ ತೂತಿಗೆ ಜೇಡಿಮಣ್ಣು ತುರುಕುವುದು. ತುರುಕಿದರೆ ನೀರು ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಜಲ್ಲಿ ಹಾಸಿ, ನೀರು ಬರಲಿ ಆದರೆ ಮಣ್ಣು ಬರದಿರಲಿ ಎನ್ನುವಂತೆ ಮಾಡಿ, ಸುತ್ತ ಮರಳು ಮೂಟೆ ಕಟ್ಟಬೇಕು. ಏರಿಯ ಮೇಲೆ ಗಿಡ ನೆಡುವ ಉತ್ಸಾಹಿಗಳಿಗೂ ಒಂದು ಮಾತು: ದೊಡ್ಡ ಮರ ಸತ್ತ ಮೇಲೆ ಅದರ ಬೇರು ಕೊಳೆತು ಕೊಳವೆಯಾಗುತ್ತದೆ. ವನಮಹೋತ್ಸವಕ್ಕೆ ಬೇರೆ ಜಾಗ ಹುಡುಕಿ.

ಜಾಗದ ವಿಷಯ ಬಂದದ್ದಕ್ಕೆ ಗಡಿ. ಕೆರೆ ಎಲ್ಲಿಯವರೆಗೆ, ಕಾಲುವೆ ಎಷ್ಟು ಅಗಲ ಎಂಬುದು ಒಪ್ಪಿತವಾಗದೆ ಯಾವ ಒಪ್ಪಂದವೂ ನಿಲ್ಲದು. ಗ್ರಾಮನಕ್ಷೆ, ಟಿಪ್ಪಣಿ (ಸರ್ವೆಯ ಮೂಲ ಅಳತೆ ದಾಖಲೆ), ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ಪಟ್ಟಿ) ಈ ಮೂರನ್ನೂ ತೆಗೆಸಿ. ಪಹಣಿ ಒಂದನ್ನೇ ನೆಚ್ಚಬೇಡಿ. ಕಾಲುವೆ ಬಹಳ ಕಡೆ ಸಾಗುವಳಿಗೆ ಬಾರದ ಖರಾಬು ಜಮೀನಿನಲ್ಲಿ ಸೇರಿಹೋಗಿರುತ್ತದೆ, ಪಹಣಿಯಲ್ಲಿ ಕಾಲುವೆ ಎಂಬ ಹೆಸರೇ ಇರುವುದಿಲ್ಲ. ಮೊಬೈಲಿನ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಹುಡುಕಲು ಒಳ್ಳೆಯದು, ನ್ಯಾಯಾಲಯಕ್ಕೆ ಸಾಲದು. ಅಲ್ಲಿಗೆ ಸರ್ಕಾರಿ ಭೂಮಾಪಕರ ಅಳತೆಯೇ ಬೇಕು. ಕೆರೆಯ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ಅಂಚಿನ ಇತಿಹಾಸವನ್ನೂ ತಿಳಿದಿರಿ: 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, 2015ರ ಪರಿಷ್ಕೃತ ಮಾಸ್ಟರ್ ಪ್ಲಾನಿನ 30 ಮೀಟರಿಗೆ ತಂದಿತು. ಯೋಜನೆಗೆ ಅನುಮತಿ ಸಿಕ್ಕ ವರ್ಷ ಯಾವುದು ಎಂಬುದರ ಮೇಲೆ ಜಗಳದ ಅರ್ಧಭಾಗ ನಿಂತಿರುತ್ತದೆ.

ಚರಂಡಿ ನೀರಿನ ಬಗ್ಗೆ ಹೇಳದೆ ಬೆಂಗಳೂರಿನ ಕೆರೆಯ ಮಾತು ಮುಗಿಯುವುದಿಲ್ಲ. ಜಕ್ಕೂರಿನ ಮಾದರಿ ನಿಮಗೆಲ್ಲ ಗೊತ್ತು: ದಿನಕ್ಕೆ ಒಂದು ಕೋಟಿ ಲೀಟರ್ ಶುದ್ಧೀಕರಿಸುವಂತೆ ಕಟ್ಟಿದ ಘಟಕ, ಅದರಿಂದ ಬಂದ ನೀರು ಜೊಂಡು ಬೆಳೆದ ಜೌಗು ದಾಟಿ ಕೆರೆಗೆ. ಎಲ್ಲರೂ ಅದನ್ನು ನಕಲು ಮಾಡಲು ಹೊರಟಿದ್ದಾರೆ, ಸಂತೋಷ. ಆದರೆ ಅಳತೆ ಮರೆಯುತ್ತಾರೆ. ದಿನಕ್ಕೆ ಹತ್ತು ಲಕ್ಷ ಲೀಟರ್ ನೀರು ಅರ್ಧ ಮೀಟರ್ ಆಳದ ಜೌಗಿನಲ್ಲಿ ಐದು ದಿನ ನಿಲ್ಲಬೇಕಾದರೆ ಎರಡೂವರೆ ಎಕರೆ ಬೇಕು. ನಾಲ್ಕು ಗುಂಟೆಯಲ್ಲಿ ಜೊಂಡು ನೆಟ್ಟು ಫಲಕ ಹಾಕಿದರೆ ಅದು ಅಲಂಕಾರ. ಎರಡನೆಯದು, ಜೊಂಡು ರಂಜಕ, ಸಾರಜನಕ ಹೀರುವುದು ನಿಜ, ಆದರೆ ಕೊಯ್ದು ಹೊರಗೆ ಸಾಗಿಸಿದರೆ ಮಾತ್ರ ಅದು ಲೆಕ್ಕಕ್ಕೆ. ಕೊಯ್ದು ದಂಡೆಯಲ್ಲೇ ರಾಶಿ ಹಾಕಿದರೆ ಮುಂದಿನ ಮಳೆಗೆ ಅಷ್ಟೂ ಕೆರೆಗೆ ವಾಪಸ್. ಕೊಯ್ಯುವವರಿಗೆ ಕೂಲಿ, ಸಾಗಿಸುವ ಟ್ರ್ಯಾಕ್ಟರ್, ಗೊಬ್ಬರ ಮಾಡುವ ಜಾಗ, ಈ ಮೂರು ಗೊತ್ತಾಗದೆ ಜೌಗು ಕಟ್ಟಬೇಡಿ.

ಮೀನು ಸಾಯುವುದು ಸಾಮಾನ್ಯವಾಗಿ ಬೇಸಿಗೆಯ ಮೊದಲ ಮಳೆಯ ಮರುದಿನ. ಬಿಸಿಲಿನಲ್ಲಿ ಕಾಲುವೆ ತಳದಲ್ಲಿ ಕೂತ ಕೊಚ್ಚೆಯೆಲ್ಲ ಒಂದೇ ಸಲ ಕೆರೆಗೆ ನುಗ್ಗುತ್ತದೆ; ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕ ತಿಂದುಹಾಕುತ್ತವೆ. ಹಸಿರು ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ಅದೂ ಉಸಿರಾಡುತ್ತದೆ, ಆದ್ದರಿಂದ ಮಟ್ಟ ಪಾತಾಳ ಮುಟ್ಟುವುದು ಸೂರ್ಯ ಹುಟ್ಟುವ ಮುಂಚೆ. ಮಧ್ಯಾಹ್ನ ಹನ್ನೆರಡಕ್ಕೆ ಬಂದು ಮಾದರಿ ತೆಗೆದವರಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ! ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನಿಗೆ ಕಷ್ಟ. ಮುಂಜಾನೆ ಕಾಟ್ಲಾ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ ಎಂದು ಮೀನಿನವರು ಹೇಳಿದರೆ ಅದು ಪ್ರಯೋಗಾಲಯದ ವರದಿಗಿಂತ ಮೂರು ದಿನ ಮುಂಚಿನ ವರದಿ.

ನಗರದಾಚೆಗೆ ಹೋಗೋಣ. ಬೆಂಗಳೂರು ಕುಡಿಯುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರಕ್ಕೆ ಪಂಪಾಗಿ ಬರುತ್ತದೆ. ಅದರ ಮೂಲ ಕೊಡಗಿನ ಮಳೆ, ಅಲ್ಲಿನ ಕಾಫಿ ತೋಟದ ನೆರಳು ಮರ, ದೇವರಕಾಡು. ನೆರಳು ಮರ ಉಳಿಸಿಕೊಂಡ ಬೆಳೆಗಾರರಿಗೆ ನಮ್ಮ ನೀರಿನ ಬಿಲ್ಲಿನಿಂದ ಒಂದು ಪೈಸೆ ಹೋಗುವುದಿಲ್ಲ. ನ್ಯೂಯಾರ್ಕ್ ನಗರ 1997ರಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಸೀಮೆಯ ಊರುಗಳ ಜೊತೆ ಒಪ್ಪಂದ ಮಾಡಿಕೊಂಡು, ಅಲ್ಲಿನ ರೈತರ ಕೊಟ್ಟಿಗೆ ಗೊಬ್ಬರದ ನಿರ್ವಹಣೆಗೆ, ಮನೆಗಳ ಶೌಚಗುಂಡಿ ದುರಸ್ತಿಗೆ ಹಣ ಕೊಟ್ಟಿತು. ಭೂಮಿ ಮಾರಲು ಒಪ್ಪಿದವರಿಂದ ಮಾತ್ರ ಕೊಂಡಿತು. ನೂರಾರು ಕೋಟಿ ಡಾಲರ್‌ಗಳ ಶೋಧಕ ಘಟಕದ ಖರ್ಚು ತಪ್ಪಿಸುವುದು ಉದ್ದೇಶ. ನಮ್ಮಲ್ಲಿ ಹಾಗೇ ಮಾಡಿ ಎನ್ನುತ್ತಿಲ್ಲ, ನಮ್ಮ ನದಿ ಎರಡು ಮೂರು ರಾಜ್ಯಗಳದ್ದು. ಕೊಡುವವರು ಯಾರು, ಪಡೆಯುವವರು ಯಾರು ಎಂದು ಒಂದೇ ಮೇಜಿನ ಮೇಲೆ ಬರೆದರು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ್ದು.

ಹತ್ತಿರದಲ್ಲೇ ನಮ್ಮದೊಂದು ಉದಾಹರಣೆ ಇದೆ, ದಿಕ್ಕು ತಿರುಗಿದ್ದು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ; ಯೋಜನೆಯ ಅಳತೆ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಲಕ್ಷ್ಮೀಸಾಗರ ಕೆರೆ ಮೊದಲನೆಯದು, ಅಲ್ಲಿಂದ ಮುಂದೆ ಹಳೆಯ ಸರಪಳಿಯೇ ಕೆಲಸ ಮಾಡಿತು, ಕೋಡಿಯಿಂದ ಕೋಡಿಗೆ. ಅಂತರ್ಜಲ ಏರಿತು. ಉಳಿದ ಪೋಷಕಾಂಶ, ರೋಗಾಣುಗಳನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣವಿಲ್ಲದೆ ಬಿಡುತ್ತಿದ್ದಾರೆ ಎಂಬ ಕೋಲಾರದವರ ತಕರಾರು ನ್ಯಾಯಾಲಯದವರೆಗೂ ಹೋಯಿತು. ಆ ತಕರಾರು ನ್ಯಾಯವಾದದ್ದೆಂದೇ ನಮ್ಮ ಎಣಿಕೆ: ನೀರು ಪಡೆಯುವ ಊರಿನವರ ಕೈಯಲ್ಲಿ ನೀರಿನ ಪರೀಕ್ಷೆಯ ಫಲಿತಾಂಶ ವಾರ ವಾರ ಇರಬೇಕು, ಕೇಳಿ ಪಡೆಯುವಂತಾಗಬಾರದು.

ಉತ್ತರಕ್ಕೆ ಹೆಸರಘಟ್ಟ. ಅಲ್ಲಿನ ಹುಲ್ಲುಗಾವಲನ್ನು ಬಹುಕಾಲ ಬಂಜರು ಎಂದೇ ಕರೆದರು. ಬಂಜರೆಂದ ಮೇಲೆ ಯಾವ ಕಟ್ಟಡಕ್ಕಾದರೂ ಕೊಡಬಹುದು, ಇಲ್ಲವೇ ಮರ ನೆಟ್ಟು ಉದ್ಧಾರ ಮಾಡಬಹುದು. ಹುಲ್ಲುಗಾವಲಿಗೆ ಎರಡೂ ಒಂದೇ ಬಗೆಯ ಹಾನಿ. ಅದು ಅರ್ಕಾವತಿಯ ಜಲಾನಯನ, ಮೇವಿನ ಸೀಮೆ, ಚಳಿಗಾಲದಲ್ಲಿ ಸೆಳೆವ ಎಂಬ ಬೇಟೆಹಕ್ಕಿಗಳು ಇಳಿಯುವ ಬಯಲು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಅಭಯಾರಣ್ಯ ಎನ್ನದೆ ಮೀಸಲು ಎಂದದ್ದರಲ್ಲಿ ವ್ಯತ್ಯಾಸವಿದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ 36ಎ ಕಲಮಿನಡಿ ಇಂಥ ಮೀಸಲು ಘೋಷಿಸುವ ಮುನ್ನ ಸ್ಥಳೀಯರ ಜೊತೆ ಸಮಾಲೋಚನೆ ಆಗಬೇಕು. 36ಬಿ ಪ್ರಕಾರ ನಿರ್ವಹಣಾ ಸಮಿತಿಯಲ್ಲಿ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯ್ತಿಯಿಂದ ಒಬ್ಬರು, ವನ್ಯಜೀವಿ ಸಂರಕ್ಷಣೆಯ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಂದ ಒಬ್ಬೊಬ್ಬರು ಇರಬೇಕು. ಅರಣ್ಯ ಇಲಾಖೆಯವರು ಸದಸ್ಯ ಕಾರ್ಯದರ್ಶಿ. ಪಂಚಾಯ್ತಿ ಸದಸ್ಯರು ಇಲ್ಲಿದ್ದೀರಿ, ಆ ಕುರ್ಚಿ ನಿಮ್ಮದು. ಕುರಿ ಮೇಯಿಸುವವರು ಯಾವ ತಿಂಗಳು ಎಲ್ಲಿ ಮೇಯಿಸುತ್ತಾರೆ ಎಂಬ ನಕ್ಷೆ ಕೈಯಲ್ಲಿ ಹಿಡಿದು ಹೋಗಿ. ಬರಿಗೈಯಲ್ಲಿ ಹೋದವರಿಗೆ ಸಹಿ ಹಾಕುವ ಕೆಲಸ ಮಾತ್ರ ಸಿಗುತ್ತದೆ.

ದಕ್ಷಿಣಕ್ಕೆ ಬನ್ನೇರುಘಟ್ಟ. ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯ ಕರಡಿನಲ್ಲಿ 268.96 ಚದರ ಕಿ.ಮೀ. ಇದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಕಾಡಿನಂಚಿನ ರೈತ ರಾಗಿ ಬೆಳೆದರೆ ನವೆಂಬರ್‌ನಲ್ಲಿ ತೆನೆ ಬಲಿಯುವ ಹೊತ್ತಿಗೆ ಆನೆ ಬರುತ್ತದೆ. ಕಾಡಿನ ತಂಪು, ಗಾಳಿ, ಸಫಾರಿಯ ಸಂತೋಷ ನಗರಕ್ಕೆ. ರಾತ್ರಿ ಕಾವಲು ಅವನಿಗೆ. ಸೋಲಾರ್ ಬೇಲಿ ಕೊಟ್ಟಿದ್ದೇವಲ್ಲ ಎನ್ನುತ್ತಾರೆ. ಬೇಲಿ ಕೆಡುವುದು ಆನೆಯಿಂದಲ್ಲ, ಗರಿಕೆಯಿಂದ. ಬೇಲಿಯ ಕೆಳತಂತಿಗೆ ಹಸಿ ಹುಲ್ಲು, ಲಂಟಾನ ತಾಗಿದರೆ ವಿದ್ಯುತ್ ನೆಲಕ್ಕೆ ಸೋರುತ್ತದೆ, ಒಂದು ವಾರದಲ್ಲಿ ಆನೆಗೆ ಗೊತ್ತಾಗುತ್ತದೆ. ಬೇಲಿಯ ಎರಡೂ ಬದಿ ಒಂದೊಂದು ಮೀಟರ್ ಹುಲ್ಲು ಸವರುವುದು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯ ಕೆಲಸ. ಇಷ್ಟು ಮೀಟರ್ ಇಂಥ ಮನೆಗೆ ಎಂದು ಹಂಚಿಕೊಂಡ ಊರುಗಳಲ್ಲಿ ಬೇಲಿ ನಿಲ್ಲುತ್ತದೆ. ಗುತ್ತಿಗೆದಾರರಿಗೆ ಬಿಟ್ಟ ಕಡೆ ಖರ್ಚಿನ ಬಿಲ್ಲು ಮಾತ್ರ ನಿಲ್ಲುತ್ತದೆ.

ಕೊನೆಗೆ ಸಭಿಕರು ಕೇಳಿದ ಒಂದು ಪ್ರಶ್ನೆ. "ನಮ್ಮ ಕೆರೆಯ ತೂಬು ಕಾಂಕ್ರೀಟಿನಡಿ ಹೂತುಹೋಗಿದೆ. ಹೊಸ ತೂಬಿಗೆ ಟೆಂಡರ್ ಆಗಲು ಎರಡು ವರ್ಷ. ಈ ಮಳೆಗಾಲಕ್ಕೆ ಏನು ಮಾಡೋಣ ಸಾರ್?"

ಸೈಫನ್ ಹಾಕಬಹುದು, ಅಂದರೆ ನೀರು ತುಂಬಿದ ಪೈಪು ಕೆರೆಯ ನೀರನ್ನು ಕೋಡಿ ಹತ್ತಿಸಿ ತಾನಾಗಿ ಆಚೆಗೆ ಎಳೆಯುವ ಏರ್ಪಾಡು. ಕೆರೆಯ ಉಸ್ತುವಾರಿ ಯಾರದೋ ಅವರಿಂದ ಲಿಖಿತ ಅನುಮತಿ ಮೊದಲು. 200 ಮಿ.ಮೀ. ಅಡ್ಡಳತೆಯ, ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪನ್ನು ಕೋಡಿಯ ಮೇಲಿನಿಂದ ಆಚೆ ಇಳಿಸಿ. ಒಳಬಾಯಿ ನೀರಿನ ಮೇಲ್ಮೈಗಿಂತ ಕನಿಷ್ಠ 60 ಸೆಂ.ಮೀ. ಕೆಳಗಿರಲಿ, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಎಳೆದುಕೊಂಡು ಹರಿವು ನಿಂತುಬಿಡುತ್ತದೆ. ಬಾಯಿಗೆ ಜಾಲರಿ, ಇಲ್ಲದಿದ್ದರೆ ಅಂತರಗಂಗೆ ಕಳೆ ಕಟ್ಟಿಕೊಳ್ಳುತ್ತದೆ. ಎರಡು ತುದಿಗೂ ವಾಲ್ವ್, ನೆತ್ತಿಯ ಮೇಲೊಂದು ಗಾಳಿ ಬಿಡುವ ನಲ್ಲಿ. ಎರಡೂ ವಾಲ್ವ್ ಮುಚ್ಚಿ, ನೆತ್ತಿಯಿಂದ ಪಂಪಿನಲ್ಲಿ ನೀರು ತುಂಬಿ, ಗುಳ್ಳೆ ಬರುವುದು ನಿಂತ ಮೇಲೆ ನಲ್ಲಿ ಮುಚ್ಚಿ, ಆಮೇಲೆ ಒಳಗಿನದು, ಕೊನೆಗೆ ಹೊರಗಿನದು ತೆರೆಯಿರಿ. ಒಳಗಿನ ನೀರಿನ ಮಟ್ಟಕ್ಕೂ ಹೊರಬಾಯಿಗೂ ಒಂದೂವರೆ ಮೀಟರ್ ವ್ಯತ್ಯಾಸವಿದ್ದರೆ ಒಂದು ಪೈಪು ಅಂದಾಜು ಸೆಕೆಂಡಿಗೆ 80 ಲೀಟರ್ ಎಳೆಯುತ್ತದೆ, ದಿನಕ್ಕೆ 70 ಲಕ್ಷ. 50 ಎಕರೆ ಕೆರೆ ಒಂದಡಿ ಇಳಿಯಲು ಎರಡು ಪೈಪಿಗೆ ನಾಲ್ಕೂವರೆ ದಿನ. ಹೊರಗೆ ಬೀಳುವ ಜಾಗಕ್ಕೆ ಸೈಜುಗಲ್ಲು ಹಾಸಿ, ಇಲ್ಲದಿದ್ದರೆ ಕೋಡಿಯ ಬುಡವೇ ಕೊರೆದುಹೋಗುತ್ತದೆ. ರಾತ್ರಿ ಕಾವಲು ಇಡಿ; ಪೈಪಿನ ವಾಲ್ವ್ ಹಿತ್ತಾಳೆಯದಾದರೆ ಬೆಳಿಗ್ಗೆ ಇರುವುದಿಲ್ಲ. ಹೊರಗಿನ ವಾಲ್ವ್ ತಿರುಗಿಸುವ ಮುಂಚೆ ಕೆಳಗಿನ ಕೆರೆಯವರಿಗೆ ಫೋನ್ ಮಾಡಿ, ಅವರ ಕಂಬದಲ್ಲಿ ಅವತ್ತಿನ ಮಟ್ಟ ಎಷ್ಟಿದೆ ಕೇಳಿಕೊಳ್ಳಿ.